ಲೇಬಲ್ಲು

ಜುಮ್ಮಾ ದಿನ ಊಟದ ಬಿಡುವಿನಲ್ಲಿ ಬರುತ್ತಾಳೆ ಖಮರುನ್ನಿಸಾ,
ಉಗುರ ಸಂದಿಯಲ್ಲಿ ಜೀನ್ಸಿನ ನೀಲಿ.
ಬಳ್ಳಾರಿಯ ಎರಡನೇ ಗೇಟಿನ ಈಚೆ ನನ್ನ ಅಂಗಡಿ:
ಎರಡು ಕಂಪ್ಯೂಟರು, ಒಂದು ಜೆರಾಕ್ಸು,
ಮುರಿದ ಕಾಲಿಗೆ ಇಟ್ಟಿಗೆ ಕೊಟ್ಟ ಕುರ್ಚಿ.
ಅದರಲ್ಲೇ ಕೂರುತ್ತಾಳೆ.
ಎತ್ತ ವಾಲಬಾರದೆಂದು ಅವಳಿಗೆ ಗೊತ್ತು.

ಹನ್ನೊಂದು ವರ್ಷ ಹೊಲಿದ ಪಿಎಫ್ಫು.
ಹಳೇ ಯುನಿಟ್ಟು ಮುಚ್ಚಿ ಎರಡು ವರ್ಷ.
ನಂಬರು ಸರಿ. ಪಾಸ್‌ವರ್ಡು ಸರಿ
(ಹೇಳಬಾರದು, ಮೂರು ವಾರಕ್ಕೆ ನನಗೂ ಬಾಯಿಪಾಠ).
ಓಟಿಪಿ ಬರುತ್ತದೆ, ದುಪಟ್ಟಾದೊಳಗೆ ಫೋನು ಗುಂಯ್ ಎನ್ನುತ್ತದೆ.
ಬಾಗಿಲು ತೆರೆಯುತ್ತದೆ, ಅಂಗಳ ಕಾಣುತ್ತದೆ,
ಮೂಲೆಯಲ್ಲಿ ಅವಳ ಹೆಸರೂ, ಅಕ್ಷರ ತಪ್ಪಿ.
ಪಾಸ್‌ಬುಕ್ ಅಂತ ಒತ್ತಿದೆವೋ
ಮತ್ತೆ ಬೀದಿ.
ದಯವಿಟ್ಟು ಲಾಗಿನ್ ಆಗಿ.

"ನಂದೇ ಏನಾರ ತಪ್ಪೈತೇನಣ್ಣಾ?"

ಕುಕಿ ಅಳಿಸಿದೆ. ಗಡಿಯಾರ ತಿದ್ದಿದೆ.
ರೌಟರ್ ಆರಿಸಿ, ಹತ್ತೆಣಿಸಿ, ಹಚ್ಚಿದೆ.
ಪಕ್ಕದ ಮಶೀನಿಗೆ ಕೂರಿಸಿದೆ, ಅಲ್ಲೂ ಅದೇ ಬೀದಿ.
ಸಹಾಯವಾಣಿ ಹಾಡು ಕೇಳಿಸಿತು, ಪೂರ್ತಿ ಹಾಡು,
ಆಮೇಲೆ ಕಟ್ಟಾಯಿತು.
ಅವಳು ಒಗ್ಗರಣೆ ಪೊಟ್ಟಣ ಬಿಚ್ಚದೆಯೇ ಎದ್ದು ಹೋದಳು;
ಒಂದೂವರೆಗೆ ಮಶೀನು ಶುರು.

ರಾತ್ರಿ ಶಟರ್ ಅರ್ಧ ಎಳೆದು ಕೂತೆ.
ಪ್ರತಿ ಬಾಗಿಲು ಬಡಿಯುವಾಗಲೂ ಬ್ರೌಸರು ತನ್ನ ಹೆಸರು ಹೇಳುತ್ತದೆ,
ನಮಗೆ ಕೇಳದ ಹಾಗೆ.
ಕಿವಿಯಿಟ್ಟರೆ:
ನಾನು ಮೊಜಿಲ್ಲಾ, ಗೆಕ್ಕೋದಂಥವನು,
ಕ್ರೋಮೂ ನಾನೇ, ಸಫಾರಿಯೂ.
ಇದು ಎಲ್ಲರೂ ಹೇಳುವ ಸುಳ್ಳು.
ಯಾವ ಕಾಲದಲ್ಲೋ ಕೆಲವು ಬಾಗಿಲು ಮೊಜಿಲ್ಲಾಗಷ್ಟೇ ಮಣೆ ಹಾಕುತ್ತಿದ್ದವಂತೆ,
ಉಳಿದವರೂ ಆ ಹೆಸರು ಹೇಳಿ ನುಗ್ಗಿದರು.
ಬಾಗಿಲು ಹೋಯಿತು, ಹೆಸರು ಹೋಗಲಿಲ್ಲ.
ನನ್ನ ಬೋರ್ಡಿನಲ್ಲೂ ಮೂರು ಪದರ ಬಣ್ಣದಡಿ
ಎಸ್‌ಟಿಡಿ ಇನ್ನೂ ಇಣುಕುತ್ತದೆ;
ಒಬ್ಬ ಮುದುಕ ಈಗಲೂ ಬಂದು
"ಗುಂತಕಲ್ಲಿಗೆ ಹಚ್ಚಿಕೊಡಪಾ" ಅನ್ನುತ್ತಾನೆ.

ಇರಲಿ. ವಿಷಯ ಅದಲ್ಲ.
ಮೊದಲ ಬಡಿತಕ್ಕೆ ವಿಂಡೋಸ್ ಅಂದದ್ದು
ಎರಡನೆಯದಕ್ಕೆ ಐಫೋನ್ ಅನ್ನುತ್ತಿದೆ,
ಮೂರನೆಯದಕ್ಕೆ ಲಿನಕ್ಸು, ಅದೂ ಹಳೇದು.
ಆಚೆ ಕಡೆಯ ಕಾವಲುಗಾರ ಏನು ಮಾಡಬೇಕು?
ಚೀಟಿ ಇಸಕೊಂಡವನ ಮುಖ ಬೇರೆ,
ಚೀಟಿ ಹಿಡಿದು ನಿಂತವನ ಮುಖ ಬೇರೆ.
ಕತ್ತು ಹಿಡಿದು ದಬ್ಬಿದ. ನ್ಯಾಯವೇ.

ಮೇಲ್ಗಡೆ ಮೂಲೆಯಲ್ಲಿ ಮುಖವಾಡದ ಚಿತ್ರದ ಪುಟ್ಟ ಗುಂಡಿ.
ಸಂಜೆ ಕೆಲಸದ ಹುಡುಗ ಗಾದಿಲಿಂಗ,
ಮ್ಯಾಚ್ ಪುಕ್ಕಟೆ ನೋಡಲು
ನಿಮಿಷಕ್ಕೊಂದು ವೇಷ ಹಾಕುವ ಅದನ್ನು
ಎರಡೂ ಮಶೀನಿಗೆ ಅಂಟಿಸಿದ್ದ.
ಕಿತ್ತೆ. ಬೈಯಲು ಫೋನು ಹಚ್ಚಿದೆ; ಎತ್ತಲಿಲ್ಲ,
ಮ್ಯಾಚ್ ನಡೆದಿತ್ತು.

ಮುಂದಿನ ಶುಕ್ರವಾರ ತಿಳಿಸಿ ಹೇಳಿದೆ.
ಖಮರುನ್ನಿಸಾ ನಕ್ಕಳು, ಮೊದಲ ಸಲ.
"ನನ್ ಕೆಲಸಾನೂ ಲೇಬಲ್ ಹಚ್ಚೋದಲ್ಲೇನಣ್ಣಾ.
ಒಂದೇ ಥಾನು, ಒಂದೇ ಕಟಿಂಗು.
ಬೆಳಿಗ್ಗೆ ಒಂದು ಹೆಸ್ರು, ಚಾ ಆದಮ್ಯಾಲೆ ಇನ್ನೊಂದು.
ಆದ್ರ ಒಂದು ಪ್ಯಾಂಟಿಗೆ ಒಂದೇ ಹಚ್ಚತೀವಿ.
ಸೊಂಟಕ್ಕೊಂದು ಜೇಬಿಗೊಂದು ಬಿತ್ತಂದ್ರ
ಸೇಟು ನಮ್ ಕೂಲಿ ಮುರೀತಾನ."

ಓಟಿಪಿ. ಬಾಗಿಲು. ಅಂಗಳ.
ಪಾಸ್‌ಬುಕ್ ಒತ್ತುವಾಗ ಇಬ್ಬರೂ ಉಸಿರು ಹಿಡಿದಿದ್ದೆವು.
ತೆರೆಯಿತು.
ಸಾಲು ಸಾಲು ತಿಂಗಳು; ನಡುವೆ ಎಂಟು ತಿಂಗಳು ಸೊನ್ನೆ.
ಆ ಸೊನ್ನೆಗಳನ್ನು ಅವಳು ಬೆರಳಿಟ್ಟು ಎಣಿಸಿದಳು, ಏನೂ ಅನ್ನಲಿಲ್ಲ.

ಹೆಸರಿನ ಅಕ್ಷರ ತಿದ್ದಿಸೋಣವೇ, ಬೇರೆ ಫಾರ್ಮು, ಕೇಳಿದೆ.
"ಬ್ಯಾಡಣ್ಣಾ. ಆ ಹೆಸರಿಗೇ ಒಳಗ ಬಿಟ್ಟಾರ.
ದುಡ್ಡು ಬರೋತನ ಅದೇ ಇರ್ಲಿ."

ಮೂವತ್ತು ರೂಪಾಯಿ ಇಟ್ಟು ಹೋದಳು.
ಎಂಟರ್ ಕೀಲಿಯ ಮೇಲೆ ಸ್ವಲ್ಪ ನೀಲಿ.